ಶುಕ್ರವಾರದ ಪಾಳಿ

ಸುದ್ದಿ ಸಿಕ್ಕಿದ ಶನಿವಾರ ಆರ್ಲಿನ್ ಟೆಸ್ಕೆ ಬೇಕರಿಗೆ ಹೋಗಿ ಗಸಗಸೆ ಕೇಕು ಕಟ್ಟಿಸಿಕೊಂಡು ಬಂದ. ಹಬ್ಬ, ಹುಟ್ಟುಹಬ್ಬ ಬಿಟ್ಟರೆ ಆ ಮನೆಗೆ ಅಂಗಡಿಯ ಕೇಕು ಬರುತ್ತಿರಲಿಲ್ಲ. ಹೆಂಡತಿ ಡಲೋರಿಸ್ ಒಲೆಯ ಮುಂದೆ ನಿಂತಿದ್ದಳು. ದೊಡ್ಡ ಮಗಳು ಮಾರ್ಲಾ ತಟ್ಟೆ ಒರೆಸುತ್ತಿದ್ದಳು. ಚಿಕ್ಕವಳು ಟ್ರೂಡಿ ಮೇಜಿನ ಕೆಳಗೆ ಬೆಕ್ಕಿನ ಜೊತೆ ಏನೋ ವ್ಯವಹಾರ ನಡೆಸಿದ್ದಳು.

"ಸೋಮವಾರದಿಂದ ನಂದು ಹಗಲು ಪಾಳಿ," ಎಂದ ಆರ್ಲಿನ್.

ಡಲೋರಿಸ್ ಸೌಟು ಹಿಡಿದುಕೊಂಡೇ ತಿರುಗಿದಳು. "ನಿಜವಾಗ್ಲೂ?"

"ಮುದುಕ ಒಟ್ಟೊ ಬೆನ್ನು ನೋವು ಅಂತ ಕೆಲಸ ಬಿಟ್ಟ. ಫೋರ್‌ಮನ್ ನನ್ನ ಕರೆದು, ಬೇಕೇನೋ ಅಂದ. ಬೇಕೇನೋ ಅಂತ ಕೇಳ್ತಾನೆ ನೋಡು! ಮದುವೆ ಆದಾಗಿಂದ ಕಾಯ್ತಾ ಇದೀನಿ ನಾನು."

ಅವಳು ಬಂದು ಅವನ ಕುತ್ತಿಗೆಗೆ ಕೈ ಹಾಕಿ ಕೆನ್ನೆಗೆ ಮುತ್ತಿಟ್ಟಳು. ಸೌಟಿನ ಸಾರು ಅವನ ಅಂಗಿಯ ಬೆನ್ನ ಮೇಲೆ ತೊಟ್ಟಿಕ್ಕಿತು. "ಹಾಗಾದ್ರೆ ದಿನಾ ರಾತ್ರಿ ಊಟಕ್ಕೆ ಮನೇಲಿರ್ತೀಯ."

"ದಿನಾ. ನನ್ನ ಮುಖ ನೋಡೀ ನೋಡೀ ನಿಮಗೇ ಬೇಜಾರು ಬರುತ್ತೆ."

ಮೇಜಿನ ಕೆಳಗಿಂದ ಟ್ರೂಡಿಯ ದನಿ ಬಂತು. "ಅಮ್ಮಾ, ಹಾಗಾದ್ರೆ ಶುಕ್ರವಾರ..."

"ಕೈ ತೊಳ್ಕೊಂಡು ಬಾ, ಕೇಕು ತಿನ್ನೋಣ," ಎಂದಳು ಡಲೋರಿಸ್.

ಪೋರ್ಟ್ ಲೂಸಿಂಡದ ಪಂಪು ಕಾರ್ಖಾನೆಯಲ್ಲಿ ಆರ್ಲಿನ್ ಎರಡನೇ ಪಾಳಿಗೆ ಸೇರಿದಾಗ ಮಾರ್ಲಾ ಇನ್ನೂ ಹುಟ್ಟಿರಲಿಲ್ಲ. ಮಧ್ಯಾಹ್ನ ಡಬ್ಬಿ ಹಿಡಿದು ಹೊರಟರೆ ಮರಳುವಾಗ ನಡುರಾತ್ರಿ. ಬರುವ ಹೊತ್ತಿಗೆ ಮನೆ ಮಲಗಿರುತ್ತಿತ್ತು, ಅವನು ಏಳುವ ಹೊತ್ತಿಗೆ ಮಕ್ಕಳು ಶಾಲೆಗೆ ಹೋಗಿರುತ್ತಿದ್ದರು. ಆ ಪಾಳಿಗೆ ಕೂಲಿ ಸ್ವಲ್ಪ ಹೆಚ್ಚು. ಆ ಹೆಚ್ಚಿನದರಲ್ಲೇ ಮನೆಗೆ ಹೊಸ ಚಾವಣಿ ಬಂದಿತ್ತು, ಮಾರ್ಲಾಳ ವಕ್ರ ಹಲ್ಲಿಗೆ ತಂತಿ ಬಂದಿತ್ತು. ಆಳೆತ್ತರದ ಬೋರಿಂಗ್ ಯಂತ್ರದ ಮುಂದೆ ನಿಂತು, ಎಮ್ಮೆ ಮೈಯಷ್ಟು ದಪ್ಪದ ಎರಕದ ಪಂಪುಗಳ ಹೊಟ್ಟೆಯನ್ನು ಕೂದಲೆಳೆ ತಪ್ಪದಂತೆ ಕೊರೆಯುವುದು ಅವನ ಕೆಲಸ. ಒಂದು ಸಲವೂ ತಡವಾಗಿ ಹೋದವನಲ್ಲ, ಕುಡಿದು ಹೋದವನಲ್ಲ. ಭಾನುವಾರ ಮಾತ್ರ ಅವನು ಪೂರ್ತಿ ಮನೆಯವನು. ಚರ್ಚಿನಿಂದ ಬಂದು ತಾನೇ ಪ್ಯಾನ್‌ಕೇಕು ಹುಯ್ಯುತ್ತಿದ್ದ, ಮೂವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಸರೋವರದ ದಂಡೆಗೆ ಹೋಗುತ್ತಿದ್ದ. ಯಾರಾದರೂ ಕೇಳಿದರೆ, ಇದೆಲ್ಲ ಯಾರಿಗಾಗಿ, ಅವರಿಗಾಗಿ ತಾನೆ, ಎನ್ನುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಹಗಲು ಪಾಳಿಯ ಮೊದಲ ರಾತ್ರಿಯೂಟಕ್ಕೆ ಅವನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಕುಳಿತ. ಟ್ರೂಡಿ ಬಂದವಳು ಅವನ ಪಕ್ಕದಲ್ಲೇ ನಿಂತುಬಿಟ್ಟಳು.

"ಕೂತ್ಕೊಳ್ಳಮ್ಮ."

ಅವಳ ತುಟಿಗಳು ಅಲುಗಿದವು. ಯಂತ್ರಗಳ ನಡುವೆ ಬದುಕಿ ಆರ್ಲಿನನ ಕಿವಿ ಸ್ವಲ್ಪ ಮಂದವಾಗಿತ್ತು. "ಏನಂದೆ?"

"ಅದು ಅವಳ ಕುರ್ಚಿ," ಎಂದಳು ಮಾರ್ಲಾ, ಅವಳೂ ಮೆಲ್ಲಗೆ.

ಅವನು ಎದ್ದು ಇನ್ನೊಂದು ಕುರ್ಚಿಗೆ ಹೋದ. ಊಟ ನಡೆಯಿತು. ಮಾರ್ಲಾ ಉಪ್ಪು ಕೇಳಿದ್ದು ಗುಟ್ಟು ಹೇಳಿದಂತಿತ್ತು. ಟ್ರೂಡಿ ನಕ್ಕದ್ದು ಅಂಗೈಯೊಳಗೆ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಕೊನೆಗೆ ಆರ್ಲಿನ್ ಚಮಚ ಕೆಳಗಿಟ್ಟ.

"ಯಾಕೆ ಎಲ್ಲಾ ಪಿಸುಗುಡ್ತೀರಿ? ಮನೇಲಿ ಯಾರಾದ್ರೂ ಸತ್ತಿದ್ದಾರಾ?"

ಹುಡುಗಿಯರು ತಾಯಿಯ ಮುಖ ನೋಡಿದರು. ಮಾರ್ಲಾಳೇ ಹೇಳಿದಳು: "ಅಪ್ಪ ಮಲಗಿದ್ದಾನೆ, ಸದ್ದು ಮಾಡ್ಬೇಡಿ ಅಂತ ಹುಟ್ಟಿದಾಗಿಂದ ಕೇಳಿದೀವಿ. ನೀನು ಮನೇಲಿದ್ರೆ ಬಾಯಿ ತಾನೇ ಸಣ್ಣಗಾಗುತ್ತೆ. ಬೇಕೂಂತ ಮಾಡ್ತಿಲ್ಲ."

"ಈಗ ನಾನು ಎದ್ದೇ ಇದೀನಲ್ಲ. ಜೋರಾಗಿ ಮಾತಾಡಿ."

"ಸರಿ," ಎಂದು ಪಿಸುಗುಟ್ಟಿದಳು ಟ್ರೂಡಿ.

ಊಟವಾದ ಮೇಲಿನ ಹೊತ್ತು ಅವನಿಗೆ ಇನ್ನೂ ಕಷ್ಟ. ಮೈ ಇನ್ನೂ ಹಳೆಯ ಲೆಕ್ಕದಲ್ಲಿತ್ತು. ಸೂರ್ಯ ಇಳಿಯುತ್ತಿದ್ದಂತೆ ಕೈಗೆ ಕೆಲಸ ಬೇಕೆನ್ನಿಸುತ್ತಿತ್ತು. ಟೀವಿಯಲ್ಲಿ ಎಲ್ಲರೂ ನಗುವ ಕಡೆ ಅವನಿಗೆ ನಗು ಬರುತ್ತಿರಲಿಲ್ಲ, ಯಾರು ಯಾರ ಅತ್ತೆ ಎಂದೇ ತಿಳಿಯುತ್ತಿರಲಿಲ್ಲ. ಎದ್ದು ಕಿಟಕಿಯ ಚಿಲಕ ನೋಡುತ್ತಿದ್ದ, ಕೂರುತ್ತಿದ್ದ, ಮತ್ತೆ ಎದ್ದು ನೆಲಮಾಳಿಗೆಗೆ ಇಳಿದು ಮನೆ ಬೆಚ್ಚಗಿಡುವ ಒಲೆಯ ಕಲ್ಲಿದ್ದಲು ಕೆದಕುತ್ತಿದ್ದ. ಮನೆಯ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟ. ಕಿರುಗುಡುವ ಮೆಟ್ಟಿಲು ಬಿಚ್ಚಿ ಕೂರಿಸಿದ. ಬಟ್ಟೆ ಒಗೆಯುವ ಯಂತ್ರ ಟಕಟಕ ಎನ್ನುತ್ತದೆಂದು ಅದರ ಹೊಟ್ಟೆ ಬಗೆದು, ಬೇರಿಂಗು ಬದಲಿಸಿ, ರೇಷ್ಮೆಯಂತೆ ತಿರುಗುವ ಹಾಗೆ ಮಾಡಿದ.

ಡಲೋರಿಸ್ ಅದನ್ನು ನೋಡಿ ಸೊಂಟಕ್ಕೆ ಕೈ ಕೊಟ್ಟಳು. "ಆ ಟಕಟಕ ನಿಂತ್ರೆ ಬಟ್ಟೆ ಮುಗೀತು ಅಂತ ಮೇಲಿಂದಲೇ ಗೊತ್ತಾಗ್ತಿತ್ತು. ಈಗ ಹತ್ತು ಸಲ ಮೆಟ್ಟಿಲು ಇಳಿದು ನೋಡ್ಬೇಕು ನಾನು."

"ಸದ್ದು ಬರೋದು ಒಳ್ಳೇದಲ್ಲ ಯಂತ್ರಕ್ಕೆ."

"ನನಗೆ ಒಳ್ಳೇದಾಗಿತ್ತು."

ಅವಳು ನಗುನಗುತ್ತಲೇ ಹೇಳಿದ್ದಳು. ಆದರೆ ಅವನು ಗಮನಿಸಿದಂತೆ ವಾರ ಕಳೆದ ಹಾಗೆ ಅವಳಿಗೂ ಏನೋ ಆಗುತ್ತಿತ್ತು, ಅದರಲ್ಲೂ ಶುಕ್ರವಾರ. ಶುಕ್ರವಾರ ಸಂಜೆ ಬಂತೆಂದರೆ ಅವಳು ತಿಕ್ಕಿದ ಪಾತ್ರೆಯನ್ನೇ ತಿಕ್ಕುತ್ತಿದ್ದಳು. ಎಂದೂ ಮೀನು ಸೀಯಿಸದವಳು ಎರಡು ಸಲ ಸೀಯಿಸಿದಳು. ಟೀವಿಯ ಮುಂದೆ ಕುಳಿತರೆ ಬೆರಳುಗಳು ಮಡಿಲ ಮೇಲೆ ಸುಮ್ಮನಿರದೆ, ಹತ್ತೂ ಬೇರೆ ಬೇರೆಯಾಗಿ ಏಳುತ್ತ ಬೀಳುತ್ತ ಇರುತ್ತಿದ್ದವು.

"ಏನಾಯ್ತು ನಿನಗೆ?" ಎಂದು ಕೇಳಿದ ಒಮ್ಮೆ.

"ನನಗೇನಾಗಿದೆ? ನೀನು ಮೊದಲು ಒಂದು ಕಡೆ ಕೂತ್ಕೋ. ಪಂಜರದಲ್ಲಿರೋ ಕರಡಿ ಥರ ಓಡಾಡ್ತೀಯ."

ಕಾರ್ಖಾನೆಯಲ್ಲಿ ಹಗಲಿನವರು ಬೇರೆ ಜಾತಿಯೇ ಎನಿಸುತ್ತಿತ್ತು. ಮಾತು ಹೆಚ್ಚು, ಓಡಾಟ ಹೆಚ್ಚು. ಊಟದ ಗಂಟೆಯಲ್ಲಿ ಉದ್ದ ಬೆಂಚಿಗೆ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು. ಅಕ್ಟೋಬರಿನ ಒಂದು ದಿನ ಎಲ್‌ರಾಯ್ ಜಾಸ್ತ್ರೊ ಎಂಬ ಲೇತಿನವನು, ಗಂಡಹೆಂಡಿರಿಬ್ಬರೂ ವಾರ ತಪ್ಪದೆ ಪೋಲ್ಕಾ ಕುಣಿಯಲು ಹೋಗುವವರು, ಸಾಸೇಜಿನ ಬನ್ನು ಕಚ್ಚುತ್ತ ಕೇಳಿದ:

"ಆರ್ಲಿನ್, ನಿನ್ನ ಹೆಂಡ್ತಿ ಕೈ ಹೇಗಿದೆ ಈಗ?"

"ಯಾವ ಕೈ?"

"ಕೈಗೆ ಏನೋ ಆಗಿದೆಯಂತೆ, ಅದಕ್ಕೇ ಬಿಟ್ಟಳು ಅಂದ ಓಲ್ಡ್ ಬ್ರೆಮೆನ್ ಬ್ಯಾಂಡಿನ ಸಿಲ್ವೆಸ್ಟರ್. ಅವಳು ಹೋದ್ಮೇಲೆ ಆ ಬ್ಯಾಂಡು ಬ್ಯಾಂಡಾಗಿ ಉಳಿದಿಲ್ಲ ಮಾರಾಯ. ಕನ್ಸರ್ಟಿನಾಗೆ ಯಾವನೋ ಹುಡುಗನ್ನ ಕೂರಿಸಿದಾರೆ. ಅವನು ತಿದಿ ಎಳೆದ್ರೆ ಕರು ಕೂಗಿದಂಗಿರುತ್ತೆ."

"ಏನನ್ನ ಬಿಟ್ಟಳು?" ಎಂದ ಆರ್ಲಿನ್.

ಎಲ್‌ರಾಯ್ ಅಗಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದ, ಕಿವಿ ಕೆಂಪಾಯಿತು. "ಅಲ್ಲ... ನಾನು ಬೇರೆ ಯಾರೋ ಅಂದ್ಕೊಂಡೆ ಅನ್ಸುತ್ತೆ," ಎಂದು ಬನ್ನಿನೊಳಗೆ ಮುಖ ಹುದುಗಿಸಿದ.

ಡಲೋರಿಸಳ ಅಪ್ಪ ಕನ್ಸರ್ಟಿನಾ ಎಂಬ, ಎರಡೂ ಕೈಯಿಂದ ತಿದಿ ಎಳೆದು ಒತ್ತುವ ಪೆಟ್ಟಿಗೆ ವಾದ್ಯ ನುಡಿಸುತ್ತಿದ್ದದ್ದು ಆರ್ಲಿನನಿಗೆ ಗೊತ್ತಿತ್ತು. ಆತ ಸತ್ತ ಮೇಲೆ ಆ ವಾದ್ಯ ಕಪ್ಪು ಪೆಟ್ಟಿಗೆಯಲ್ಲಿ ಇವರ ಮನೆಗೆ ಬಂದಿತ್ತು, ಕೋಟುಗಳ ಬೀರುವಿನಲ್ಲಿ ಇತ್ತು. ಅದು ಅಪ್ಪನ ನೆನಪಿಗೆಂದು ಇಟ್ಟುಕೊಂಡದ್ದು ಎಂದೇ ಅವನು ತಿಳಿದಿದ್ದ. ಆ ಮಧ್ಯಾಹ್ನ ಯಂತ್ರದ ಮುಂದೆ ನಿಂತು ಅವನು ಆ ಪೆಟ್ಟಿಗೆಯನ್ನೇ ಯೋಚಿಸಿದ. ಅದರ ಮೇಲೆ ಧೂಳಿತ್ತೇ? ಹಿಡಿಕೆ ಸವೆದಿತ್ತೇ? ಯೋಚನೆಯಲ್ಲಿ ಉಳಿ ಒಂದು ಸುತ್ತು ಹೆಚ್ಚು ಒಳಗೆ ಹೋಯಿತು. ಸದ್ದು ಬದಲಾದದ್ದು ಅವನಿಗೆ ಕೇಳಿಸುವ ಹೊತ್ತಿಗೆ ಎರಕ ಕೆಟ್ಟಿತ್ತು. ಫೋರ್‌ಮನ್ ವರ್ನ್ ಬಂದು ನೋಡಿ, "ಹೋಗ್ಲಿ ಬಿಡು, ಎಲ್ಲರಿಗೂ ಆಗುತ್ತೆ," ಎಂದು ಹೆಗಲು ತಟ್ಟಿ ಹೋದ. ಎಲ್ಲರಿಗೂ ಆಗುವುದು ಆರ್ಲಿನನಿಗೆ ಎಂದೂ ಆಗಿರಲಿಲ್ಲ.

ಪಾಳಿ ಮುಗಿದ ಮೇಲೆ ಕಾರು ಮನೆಯ ಕಡೆ ತಿರುಗಲಿಲ್ಲ. ಸರೋವರದ ದಂಡೆಗುಂಟ ಹೋಯಿತು, ಒಳನಾಡಿಗೆ ತಿರುಗಿತು, ಜೋಳ ಕೊಯ್ದ ಹೊಲಗಳ ನಡುವೆ ಓಲ್ಡ್ ಬ್ರೆಮೆನ್ ಎಂಬ ಹಳ್ಳಿಗೆ ಬಂತು. ಅಲ್ಲಿ ಒಂದು ಚರ್ಚು, ಒಂದು ಡೇರಿ, ಒಂದು ನೃತ್ಯದ ಹಾಲ್. ಹಾಲ್‌ನ ಬಾಗಿಲು ತೆರೆದಿತ್ತು. ಒಳಗೆ ದಪ್ಪ ಮುದುಕನೊಬ್ಬ ಬಿಯರಿನ ಕೊಳವೆ ಬಿಚ್ಚಿಕೊಂಡು ಮಂಡಿಯೂರಿದ್ದ. ಬ್ಯಾಂಡಿನ ಯಜಮಾನ, ಟ್ಯೂಬಾ ಊದುವ ಸಿಲ್ವೆಸ್ಟರ್ ಅವನೇ.

"ನಾನು ಆರ್ಲಿನ್ ಟೆಸ್ಕೆ."

ಮುದುಕ ಕಷ್ಟಪಟ್ಟು ಎದ್ದು ಕೈ ಒರೆಸಿಕೊಂಡ. "ಡಾಲಿಯ ಗಂಡನಾ! ಅಂತೂ ನಿನ್ನ ದರ್ಶನ ಆಯ್ತಪ್ಪ. ನೀನು ನಿಜವಾಗ್ಲೂ ಇದೀಯೋ ಇಲ್ಲಾ ಅವಳು ಕಟ್ಟಿದ ಕಥೆಯೋ ಅಂತ ಇಲ್ಲಿ ಕೆಲವರಿಗೆ ಅನುಮಾನ. ಅವಳ ಕೈ ಹೇಗಿದೆ?"

ಡಾಲಿ. ಆರ್ಲಿನ್ ಆ ಹೆಸರನ್ನು ಎಂದೂ ಕೇಳಿರಲಿಲ್ಲ. "ಪರವಾಗಿಲ್ಲ," ಎಂದ.

"ಬೇಗ ವಾಸಿ ಮಾಡ್ಕೊಂಡು ಬರಕ್ಕೆ ಹೇಳು. ಅವಳಿಲ್ಲದ ಶುಕ್ರವಾರ ಜನ ಮೀನು ತಿಂದು ಮನೆಗೆ ಹೋಗ್ತಾರೆ. ಅವಳಿದ್ರೆ ಕುರ್ಚಿ ಮೇಲೆ ಯಾರೂ ಉಳೀತಿರ್ಲಿಲ್ಲ."

ಬಾರಿನ ಹಿಂದೆ ಗೋಡೆಯ ಮೇಲೆ ಫೋಟೋಗಳಿದ್ದವು. ಒಂದರಲ್ಲಿ ಅವಳಿದ್ದಳು. ಕೆಂಪು ತೋಳಿಲ್ಲದ ಕೋಟು, ಮೊಣಕಾಲ ಮೇಲೆ ತೆರೆದುಕೊಂಡ ಚೌಕದ ವಾದ್ಯ, ತಲೆ ಹಿಂದಕ್ಕೆ ಎಸೆದು ಬಾಯ್ತುಂಬ ನಗು. ಪಕ್ಕದಲ್ಲಿ ನೆಲದ ಮೇಲೆ ಕೂತ ಪುಟ್ಟ ಮಗು ಟ್ರೂಡಿ. ಆರ್ಲಿನ್ ಬಹಳ ಹೊತ್ತು ನೋಡಿದ. ಅವಳು ಅಷ್ಟು ದೊಡ್ಡದಾಗಿ ನಗುವಾಗ ಮೇಲಿನ ವಸಡು ಕಾಣುತ್ತದೆಂಬುದು ಅವನಿಗೆ ಗೊತ್ತಿರಲಿಲ್ಲ.

ಮನೆಗೆ ಬಂದಾಗ ಊಟ ತಣ್ಣಗಾಗಿತ್ತು. ಹುಡುಗಿಯರು ಮೇಲೆ ಹೋಗಿದ್ದರು. ಡಲೋರಿಸ್ ಎದುರು ಕುಳಿತು ಅವನ ತಟ್ಟೆಗೆ ಬಡಿಸಿದಳು.

"ಓಲ್ಡ್ ಬ್ರೆಮೆನ್‌ಗೆ ಹೋಗಿದ್ದೆ," ಎಂದ.

ಅವಳು ಬಟ್ಟಲು ನಿಧಾನವಾಗಿ ಕೆಳಗಿಟ್ಟಳು.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ಮಾರ್ಲಾ ಇನ್ನೂ ಮೂರನೇ ಕ್ಲಾಸಲ್ಲಿದ್ಲು. ಬೆಳಿಗ್ಗೆ ನಿನ್ನ ಹಾಸಿಗೆ ಹತ್ರ ಬಂದು, ಸಿಲ್ವೆಸ್ಟರ್ ಬ್ಯಾಂಡಿಗೆ ಕರೀತಿದಾನೆ, ಹೋಗ್ಲಾ ಅಂದೆ. ಒಳ್ಳೇದು ಅಂದೆ ನೀನು. ಮಗ್ಗುಲು ಬದಲಿಸಿ ಮಲಗಿದೆ."

"ನಿದ್ದೇಲಿದ್ದೆ."

"ಆಮೇಲೆ ಇನ್ನೊಂದ್ಸಲ ಹೇಳಿದೆ. ಒಳ್ಳೇದು. ಊರ ಜಾತ್ರೇಲಿ ನುಡಿಸ್ತೀವಿ ಅಂದೆ. ಒಳ್ಳೇದು. ಎಷ್ಟು ಸಲ ಒಳ್ಳೇದು ಅನ್ನಿಸ್ಕೊಳ್ಳಲಿ? ಹೇಳೋದು ಬಿಟ್ಟೆ."

ಅವನು ಆಲೂಗಡ್ಡೆಯನ್ನು ಫೋರ್ಕಿನಿಂದ ಪುಡಿ ಮಾಡುತ್ತ ಹೋದ. "ಈಗ ಯಾಕೆ ಬಿಟ್ಟೆ? ಕೈ ನೋವು ಅಂತ ಸುಳ್ಳು ಬೇರೆ."

"ನೀನು ಕೇಕು ಹಿಡ್ಕೊಂಡು ಬಂದು ನಿಂತೆ. ದಿನಾ ರಾತ್ರಿ ಮನೇಲಿರ್ತೀನಿ ಅಂದೆ. ಶುಕ್ರವಾರ ನಾನಿರಲ್ಲ ಅಂತ ಹೇಗೆ ಹೇಳ್ಲಿ ಅವತ್ತು?" ಅವಳು ಎದ್ದು ತಟ್ಟೆ ಎತ್ತಿದಳು, ಅವನಿನ್ನೂ ತಿಂದಿರಲಿಲ್ಲ. "ಮುಗೀತು ಬಿಡು. ಒಂದು ಪೆಟ್ಟಿಗೆ, ಅಷ್ಟೆ."

ಹಾಗೆನ್ನುತ್ತ ಆ ತುಂಬಿದ ತಟ್ಟೆಯನ್ನೇ ತೊಳೆಯುವ ತೊಟ್ಟಿಗಿಟ್ಟು ನಲ್ಲಿ ಬಿಟ್ಟಳು.

ಆ ರಾತ್ರಿಯೆಲ್ಲ ಆರ್ಲಿನನಿಗೆ ಒಂದೇ ತೋರಿತು. ತಾನು ಮನೆಗೆ ಬಂದು ಈ ಮನೆಯ ಯಾವುದೋ ಹಲ್ಲುಚಕ್ರಕ್ಕೆ ಅಡ್ಡ ಸಿಕ್ಕಿಕೊಂಡಿದ್ದೇನೆ. ಅಡ್ಡ ಸಿಕ್ಕಿದ್ದನ್ನು ತೆಗೆದರೆ ಎಲ್ಲ ಮೊದಲಿನಂತೆ ತಿರುಗುತ್ತದೆ. ಬೆಳಿಗ್ಗೆ ನೇರ ವರ್ನ್ ಹತ್ತಿರ ಹೋಗಿ, ತನ್ನನ್ನು ಎರಡನೇ ಪಾಳಿಗೇ ಹಾಕು ಎಂದ.

"ತಲೆ ಕೆಟ್ಟಿದೆಯಾ?" ಎಂದ ವರ್ನ್. "ಇದಕ್ಕೋಸ್ಕರ ಜನ ಕಚ್ಚಾಡ್ತಾರೆ."

"ಹಗಲು ನನಗೆ ಒಗ್ಗೋದಿಲ್ಲ."

"ಒಂದು ಎರಕ ಕೆಟ್ಟಿದ್ದಕ್ಕೆ..."

"ಅದಕ್ಕಲ್ಲ. ಹಾಕ್ತೀಯೋ ಇಲ್ವೋ?"

ವರ್ನ್ ಹಾಕಿದ. ಮನೆಯಲ್ಲಿ ಊಟಕ್ಕೆ ಎಲ್ಲರೂ ಕುಳಿತಾಗ ಆರ್ಲಿನ್ ಹೇಳಿದ. ಬಹಳ ದೊಡ್ಡದೊಂದನ್ನು ಕೊಟ್ಟುಬಿಡುವವನ ಸಂಕೋಚವಿತ್ತು ಅವನ ಮುಖದಲ್ಲಿ. "ಸೋಮವಾರದಿಂದ ಮತ್ತೆ ಮಧ್ಯಾಹ್ನ ಹೋಗ್ತೀನಿ. ನೀನು ನಿನ್ನ ಶುಕ್ರವಾರ ಇಟ್ಕೋ, ಡಲೋರಿಸ್."

ಅವಳ ಕೈಯಲ್ಲಿದ್ದ ಬ್ರೆಡ್ಡಿನ ಚೂರಿ ಹಲಗೆಯ ಮೇಲೆ ಬಿತ್ತು.

"ಯಾರನ್ನ ಕೇಳಿ ಮಾಡ್ದೆ?"

"ನಿನಗೋಸ್ಕರಾನೇ..."

"ನನಗೋಸ್ಕರ! ಹೋಗುವಾಗ ಕೇಳ್ಲಿಲ್ಲ, ನನಗೋಸ್ಕರ ಅಂದೆ. ಬರುವಾಗ ಕೇಳ್ಲಿಲ್ಲ, ನನಗೋಸ್ಕರ ಅಂದೆ. ಈಗ ಮತ್ತೆ ಹೊರಟೆ, ಅದೂ ನನಗೋಸ್ಕರ! ನಾನೇನು ನಿನ್ನ ಯಂತ್ರದ ಮೇಲೆ ಕಟ್ಟಿಹಾಕಿರೋ ಎರಕಾನಾ, ನಿನಗೆ ಬೇಕಾದ ಹಾಗೆ ತಿರುಗಿಸಿ ತಿರುಗಿಸಿ ಕೊರೆಯಕ್ಕೆ?"

"ಮತ್ತೆ ಏನು ಬೇಕು ನಿನಗೆ?" ಅವನ ದನಿಯೂ ಏರಿತು. "ಮನೇಲಿದ್ರೆ ಕಷ್ಟ, ಇಲ್ದಿದ್ರೆ ಕಷ್ಟ!"

"ನನಗೆ ಶುಕ್ರವಾರ ಬೇಕು! ನೀನೂ ಬೇಕು! ಎರಡೂ ಕೇಳಿದ್ರೆ ತಪ್ಪಾ? ಒಂದು ಸಲ ಬಾಯ್ಬಿಟ್ಟು ಕೇಳಿದ್ದಿದ್ರೆ ಹೇಳ್ತಿದ್ದೆ!"

"ನೀನೂ ಹೇಳ್ಬಹುದಿತ್ತು!"

"ಇಬ್ಬರೂ ಸ್ವಲ್ಪ ಸುಮ್ನಿರ್ತೀರಾ?" ಎಂದು ಮಾರ್ಲಾ ಕಿರುಚಿದಳು. "ಮನೆ ಅಂದ್ರೆ ಇದು! ಅಪ್ಪ ನಿಂತ್ರೆ ಅಮ್ಮ ಕೂರ್ತಾಳೆ, ಅಮ್ಮ ನಿಂತ್ರೆ ಅಪ್ಪ ಕೂರ್ತಾನೆ, ಒಟ್ಟಿಗೆ ಒಂದು ಕೆಲಸ ಮಾಡಕ್ಕೆ ಬರಲ್ಲ ನಿಮಗೆ!"

"ನನಗೂ ಹಾಲ್‌ಗೆ ಹೋಗ್ಬೇಕು!" ಎಂದು ಟ್ರೂಡಿ ಅದಕ್ಕಿಂತ ಜೋರಾಗಿ ಕೂಗಿದಳು. ಬೆಕ್ಕು ಮೇಜಿನ ಕೆಳಗಿಂದ ಹಾರಿ ಓಡಿತು. ಪಕ್ಕದ ಮನೆಯ ಕಿಟಕಿಯ ಪರದೆ ಅಲುಗಿತು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಮನೆಯಲ್ಲಿ ಅಷ್ಟು ಗದ್ದಲ ಎಂದೂ ಎದ್ದಿರಲಿಲ್ಲ.

"ನಾಳೆ ವರ್ನ್‌ಗೆ ಹೇಳ್ತೀನಿ, ಬೇಡ ಅಂತ," ಎಂದ ಆರ್ಲಿನ್, ಕೊನೆಗೆ.

ಆದರೆ ವರ್ನ್ ತಲೆ ಕೆರೆದುಕೊಂಡ. "ನಿನ್ನ ಜಾಗ ಆಗಲೇ ಡೇಲ್‌ಗೆ ಕೊಟ್ಟೆ. ನೀನು ಹಿರಿಯ, ಯೂನಿಯನ್ನಿಗೆ ಹೇಳಿದ್ರೆ ಅವನನ್ನ ಎಬ್ಬಿಸಿ ನಿನ್ನ ಕೂರಿಸ್ತಾರೆ. ಹೇಳ್ಲಾ?"

ಆರ್ಲಿನ್ ಉತ್ತರ ಕೊಡುವ ಮೊದಲೇ ಡೇಲ್ ಯಂತ್ರಗಳ ನಡುವಿಂದ ಓಡಿಬಂದ. ಇಪ್ಪತ್ತರ ಆಸುಪಾಸಿನ ತೆಳ್ಳನೆ ಆಳು, ಬೇಸಿಗೆಯಲ್ಲಿ ಹೆಣ್ಣುಮಗು ಹುಟ್ಟಿತ್ತು. ಆರ್ಲಿನನ ಕೈ ಹಿಡಿದು ಬಿಡಲೇ ಇಲ್ಲ. "ನಿಮ್ಮ ಉಪಕಾರ ಮರೆಯಲ್ಲ ಸಾರ್. ಮಗು ಎದ್ದಿರೋದನ್ನೇ ಸರಿಯಾಗಿ ನೋಡಿರ್ಲಿಲ್ಲ ನಾನು. ನನ್ನ ಹೆಂಡ್ತಿ ಸುದ್ದಿ ಕೇಳಿ ಅತ್ತೇಬಿಟ್ಲು."

ಆರ್ಲಿನ್ ಅವನ ಎಣ್ಣೆಗೈಯನ್ನು ನೋಡಿದ. ಆ ವಯಸ್ಸಿನಲ್ಲಿ ತನ್ನ ಹೆಂಡತಿಯೂ ಅತ್ತಿದ್ದಳೇನೋ. ಆಗ ತಾನು ನಿದ್ದೆಯಲ್ಲಿದ್ದ.

"ಹೇಳೋದು ಬೇಡ," ಎಂದ ವರ್ನ್ ಕಡೆ ತಿರುಗಿ.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಡಲೋರಿಸ್ ಮೇಜಿಗೆ ತಲೆ ಕೊಟ್ಟು ನಗತೊಡಗಿದಳು, ಕಣ್ಣಲ್ಲಿ ನೀರು ಬರುವವರೆಗೂ. "ಪೆದ್ದ," ಎಂದಳು. "ಅಷ್ಟು ದೊಡ್ಡ ಪೆದ್ದನ್ನ ಕಟ್ಕೊಂಡೆ. ಆ ಹುಡುಗನ್ನ ಎಬ್ಬಿಸಿದ್ದಿದ್ರೆ ಮಾತ್ರ ನಾನು ಮನೆ ಒಳಗೆ ಸೇರಿಸ್ತಿರ್ಲಿಲ್ಲ."

ಚಳಿಗಾಲ ಹಾಗೆ ಕಳೆಯಿತು. ಆರ್ಲಿನ್ ಮಧ್ಯಾಹ್ನ ಹೋದ, ನಡುರಾತ್ರಿ ಬಂದ. ಡಲೋರಿಸ್ ಶುಕ್ರವಾರ ಕಪ್ಪು ಪೆಟ್ಟಿಗೆ ಹೊತ್ತು ಹೋದಳು. ಮೈಗೆ ಹಳೆಯ ಪಾಳಿ ಸಿಕ್ಕಿತ್ತು, ಮನಸ್ಸಿಗೆ ಸಿಗಲಿಲ್ಲ. ಮೊದಲೆಲ್ಲ ಯಂತ್ರದ ಮುಂದೆ ನಿಂತರೆ ಮನೆ ಎನ್ನುವುದು ನಿದ್ದೆ ಹೋದ ಒಂದು ಚಿತ್ರವಾಗಿತ್ತು. ಈಗ ಶುಕ್ರವಾರ ಸಂಜೆಯಾದರೆ, ಈಗ ಅವಳು ವಾದ್ಯ ಬಿಚ್ಚಿರುತ್ತಾಳೆ, ಈಗ ಜನ ಎದ್ದಿರುತ್ತಾರೆ, ಎಂದು ಒಳಗೆ ಏನೋ ಓಡುತ್ತಿತ್ತು. ಮಕ್ಕಳು ಬೆಳಿಗ್ಗೆ ಈಗ ಗದ್ದಲ ಮಾಡಿಕೊಂಡೇ ಶಾಲೆಗೆ ಹೋಗುತ್ತಿದ್ದರು. ಅವನಿಗೆ ಎಚ್ಚರವಾಗುತ್ತಿತ್ತು. ಏಳುತ್ತಿದ್ದ, ಒಳಚಡ್ಡಿಯಲ್ಲೇ ಬಂದು ಅವರ ಜೊತೆ ಕಾಫಿ ಕುಡಿದು ಮತ್ತೆ ಮಲಗುತ್ತಿದ್ದ.

ಜನವರಿಯ ಒಂದು ಬೆಳಿಗ್ಗೆ ಹಾಗೇ ಕುಳಿತಿದ್ದಾಗ ಕೇಳಿದ: "ಈ ಶುಕ್ರವಾರ ರಜೆ ಹಾಕ್ಲಾ? ನಾನೂ ಬರ್ಲಾ?"

ಡಲೋರಿಸ್ ಮೊಟ್ಟೆ ತಿರುಗಿಸುತ್ತಿದ್ದವಳು ನಿಂತಳು. "ಬಾ. ಆದ್ರೆ ಮುಂದೆ ಕೂತು ನನ್ನನ್ನೇ ನೋಡ್ಬೇಡ, ಬೆರಳು ತಪ್ಪುತ್ತೆ."

ಅವನು ಹಿಂದೆಯೇ ಕುಳಿತ, ಕೋಟುಗಳ ಸಾಲಿನ ಹತ್ತಿರ. ಹಾಲ್‌ನಲ್ಲಿ ಒದ್ದೆ ಉಣ್ಣೆಯ, ಕರಿದ ಮೀನಿನ, ಬಿಯರಿನ ವಾಸನೆ. ಕೆಂಪು ಕೋಟಿನ ಡಲೋರಿಸ್ ಮೇಲೆ ಕುಳಿತು ತಿದಿ ಎಳೆದಳು. ಮೇಲಿನ ಸಣ್ಣ ಸ್ವರಗಳು ಅವನ ಮಂದ ಕಿವಿಗೆ ದಕ್ಕಲಿಲ್ಲ. ದಪ್ಪ ಸ್ವರಗಳು ಮಾತ್ರ ಮರದ ನೆಲದ ಮೂಲಕ ಬಂದು ಬೂಟಿನೊಳಗೆ ಸೇರಿದವು. ಅವಳು ಚೆನ್ನಾಗಿ ನುಡಿಸುತ್ತಾಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಆದರೆ ಮುದುಕಿಯರು ಕೋಲು ಬದಿಗಿಟ್ಟು ಎದ್ದದ್ದನ್ನು ಕಂಡ. ಎಲ್‌ರಾಯ್ ಜಾಸ್ತ್ರೊ ತನ್ನ ದಪ್ಪ ಹೆಂಡತಿಯನ್ನು ಬುಗುರಿಯಂತೆ ತಿರುಗಿಸಿದ್ದನ್ನು ಕಂಡ. "ಡಾಲಿ, ಇನ್ನೊಂದು!" ಎಂದು ಯಾರ್ಯಾರೋ ಕೂಗಿದಾಗ ಅವಳು ವಸಡು ಕಾಣುವಂತೆ ನಕ್ಕಳು. ಆರ್ಲಿನನಿಗೆ ಹೆಮ್ಮೆಯಾಯಿತು. ಕೂಗಿದವರನ್ನೆಲ್ಲ ಹಿಡಿದು ಹೊರಗೆ ಹಿಮಕ್ಕೆ ದಬ್ಬಬೇಕು ಎಂದೂ ಅನಿಸಿತು. ಕೂರಲಾಗಲಿಲ್ಲ. ಎದ್ದು ಗೋಡೆಗೆ ಒರಗಿದ, ಬಾರಿಗೆ ಹೋದ, ಬಂದ. ಟ್ರೂಡಿ ಬಂದು ಕೈ ಹಿಡಿದು ಎಳೆದಳು.

"ನನಗೆ ಕುಣಿಯಕ್ಕೆ ಬರಲ್ಲಮ್ಮ."

"ನಡೆಯಕ್ಕೆ ಬರುತ್ತಲ್ಲ. ಅದನ್ನೇ ಸ್ವಲ್ಪ ಬೇಗ ಮಾಡು, ಅಪ್ಪಾ!"

ಅವನು ಮಗಳ ಕಾಲು ತುಳಿದ, ಎಲ್‌ರಾಯ್‌ನ ಕಾಲೂ ತುಳಿದ. ಯಾರೂ ಬೈಯಲಿಲ್ಲ.

ಮನೆಗೆ ಮರಳುವಾಗ ಹುಡುಗಿಯರು ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. "ನಿನ್ನನ್ನ ಡಾಲಿ ಅಂತಾರೆ," ಎಂದ.

"ಅಪ್ಪ ಹಾಗೆ ಕರೀತಿದ್ದ. ವಾದ್ಯದ ಜೊತೆ ಹೆಸರೂ ಬಂತು."

"ನಾನೂ ಹಾಗೇ ಕರೀಲಾ?"

ಅವಳು ಯೋಚಿಸಿದಳು. "ಬೇಡ. ನಿನ್ನ ಬಾಯಲ್ಲಿ ಡಲೋರಿಸ್ಸೇ ಇರ್ಲಿ."

ಏಪ್ರಿಲಿನಲ್ಲಿ ಹಗಲು ಪಾಳಿಯಲ್ಲಿ ಇನ್ನೊಂದು ಜಾಗ ಖಾಲಿಯಾಯಿತು. ವರ್ನ್ ಕರೆದು ಹೇಳಿದಾಗ ಆರ್ಲಿನ್, "ಮನೇಲಿ ಕೇಳಿ ಹೇಳ್ತೀನಿ," ಎಂದ. ವರ್ನ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಡಲೋರಿಸ್ ಒಂದು ದಿನವಿಡೀ ಯೋಚಿಸಿದಳು, ಅವನನ್ನು ಕಾಯಿಸಿದಳು. ಮರುದಿನ ಬಟ್ಟೆ ಹರವುತ್ತ, ಹಗ್ಗದ ಆಚೆಯಿಂದ ಹೇಳಿದಳು: "ಬಾ. ಆದ್ರೆ ಒಲೆ, ಮೆಟ್ಟಿಲು, ಯಂತ್ರ, ಯಾವುದನ್ನೂ ಬಿಚ್ಚೋ ಹಾಗಿಲ್ಲ."

"ಮತ್ತೆ ಸಂಜೆ ಏನು ಮಾಡ್ಲಿ?"

"ಅದು ನಿನ್ನ ಪಾಡು."

ಹಾಗಾಗಿ ಆರ್ಲಿನ್ ಹಗಲಿನವನಾದ. ಸಂಜೆ ಕೂರಲು ಅವನಿಗೆ ಕೊನೆಗೂ ಬರಲಿಲ್ಲ. ಟೀವಿಯಲ್ಲಿ ಯಾರು ಯಾರ ಅತ್ತೆ ಎಂದು ಮಾರ್ಲಾ ಎಷ್ಟು ಸಲ ಹೇಳಿಕೊಟ್ಟರೂ ಮರೆತ. ಶುಕ್ರವಾರ ಮಾತ್ರ ಪೆಟ್ಟಿಗೆಯನ್ನು ಅವನೇ ಹೊತ್ತು ಕಾರಿಗಿಡುತ್ತಿದ್ದ, ಅದರ ತೂಕ ಕಂಡು ಪ್ರತಿ ಸಲವೂ ಬೆರಗಾಗುತ್ತಿದ್ದ. ಹಾಲ್‌ನಲ್ಲಿ ಅವನು ಬಾಗಿಲಿಗೂ ಬಾರಿಗೂ ಓಡಾಡುವುದನ್ನು ಎರಡು ವಾರ ಸಹಿಸಿದ ಸಿಲ್ವೆಸ್ಟರ್, ಮೂರನೆಯ ವಾರ ಕೈಗೊಂದು ಲಾಟೀನು ಕೊಟ್ಟು ಹೊರಗೆ ಅಟ್ಟಿದ. ಬೇಸಿಗೆಗೆ ಜನ ಹೆಚ್ಚು, ಕಾರುಗಳು ಹಿಂದಿನ ಹುಲ್ಲುಗಾವಲಿನಲ್ಲಿ ಅಡ್ಡಾದಿಡ್ಡಿ ನಿಲ್ಲುತ್ತಿದ್ದವು.

ಆರ್ಲಿನ್ ಹುಲ್ಲಿನಲ್ಲಿ ಆಚೆಗೂ ಈಚೆಗೂ ನಡೆದ. ಹಾಲ್‌ನ ಮರದ ಗೋಡೆಯಿಂದ ಕನ್ಸರ್ಟಿನಾದ ದಪ್ಪ ಸ್ವರ ಬರುತ್ತಿತ್ತು, ಒಳಗೆ ಯಾರೋ ಡಾಲಿ ಎಂದು ಕೂಗಿದರು. ರಸ್ತೆಯಿಂದ ಒಂದು ಟ್ರಕ್ಕು ತಿರುಗಿತು. ಅವನು ಲಾಟೀನು ಎತ್ತಿ, "ಇನ್ನೂ ಸ್ವಲ್ಪ ಎಡಕ್ಕೆ... ಇನ್ನೂ ಸ್ವಲ್ಪ... ಹಾಂ, ಸಾಕು, ಬೇಗ ಒಳಗೆ ಹೋಗಿ, ಈಗಷ್ಟೇ ಶುರು ಮಾಡಿದಾಳೆ!" ಎಂದ.